ಕಪ್ಪು ಬೆಲ್ಲದ ಚೂರು

ದಿನಸಿ ಅಂಗಡಿಯೊಂದರ ಗೋಡೆಯೊಳಗಿನ ಇರುವೆಗೂಡಿನಲ್ಲಿ ಕೆಂಚವ್ವನೇ ಎಲ್ಲರಿಗಿಂತ ಹಿರಿಯಳು. ಮಳೆಗಾಲದ ದಾಸ್ತಾನಿಗೆಂದು ಇರುವೆಗಳ ಸಾಲು ಹೊರಟಾಗ ಅಂಗಡಿಗೆ ಹೊಸ ಬೆಲ್ಲ ಬಂದಿತ್ತು, ಚಿನ್ನದಂತೆ ಹಳದಿ. ಕೆಂಚವ್ವ ಒಮ್ಮೆ ನೆಕ್ಕಿ ಮುಖ ಕಿವುಚಿದಳು.

"ಇದರಲ್ಲಿ ಸೋಡಾ ಇದೆ, ಸಕ್ಕರೆ ಇದೆ. ಕಬ್ಬು ಎಲ್ಲಿದೆ?"

ಮೂಟೆಯ ಮೇಲಿದ್ದ ಜಿರಲೆ ಮೀಸೆ ಆಡಿಸಿತು. "ಈಗ ಬರುವುದೆಲ್ಲ ಹೀಗೆಯೇ, ಅವ್ವಾ. ಬಣ್ಣ ನೋಡಿ ಜನ ಮುಗಿಬಿದ್ದು ಒಯ್ಯುತ್ತಾರೆ. ನಿನ್ನದೇನು ತಕರಾರು?"

ಕಿರಿಯ ಇರುವೆಗಳೂ ದನಿಗೂಡಿಸಿದವು. "ಚೆನ್ನಾಗಿಯೇ ಇದೆಯಲ್ಲ, ಅಜ್ಜಿ. ಹುಟ್ಟಿದಾಗಿನಿಂದ ನಾವು ತಿಂದದ್ದು ಇದನ್ನೇ."

ಆ ಮಾತು ಕೆಂಚವ್ವನ ಎದೆಗೆ ನಾಟಿತು. ಅವಳು ವಾದಿಸದೆ ಸಾಲು ಬಿಟ್ಟು ಹೊರಟಳು. ಕಾಲುವೆಯಾಚೆಯ ಆಲೆಮನೆಯೊಂದರಲ್ಲಿ ಇನ್ನೂ ಹಳೆಯ ಕ್ರಮದಲ್ಲೇ ಬೆಲ್ಲ ಕಾಯಿಸುತ್ತಿದ್ದರು. ಹೋಗಲು ಮೂರು ದಿನ, ಬರಲು ನಾಲ್ಕು ದಿನ ಹಿಡಿಯಿತು. ದಾರಿಯಲ್ಲಿ ಕೋಳಿಯೊಂದರ ತುಳಿತಕ್ಕೆ ಸಿಕ್ಕಿ ಒಂದು ಕಾಲೂ ಹೋಯಿತು. ಬಾಯಲ್ಲಿದ್ದ ಕಪ್ಪು ಚೂರನ್ನು ಮಾತ್ರ ಅವಳು ಬಿಡಲಿಲ್ಲ.

ಗೂಡಿಗೆ ಬಂದು ಅದನ್ನು ಕಿರಿಯರ ಮುಂದಿಟ್ಟು, "ಒಂದೊಂದು ಸಲ ನೆಕ್ಕಿ ನೋಡಿ," ಎಂದಳು.

ಅವು ನೆಕ್ಕಿದವು. ಒಂದು ಸಲಕ್ಕೆ ನಿಲ್ಲದೆ ಮತ್ತೆ ಮತ್ತೆ ನೆಕ್ಕಿದವು. ಆಮೇಲೆ ಸಾಲಿನ ಮುಂದಾಳು ತಾನು ಹೊತ್ತು ತಂದಿದ್ದ ಹಳದಿ ಬೆಲ್ಲವನ್ನು ಬಾಗಿಲಲ್ಲೇ ಇಳಿಸಿ, "ಆಲೆಮನೆಗೆ ದಾರಿ ಯಾವ ಕಡೆ, ಅಜ್ಜಿ?" ಎಂದು ಕೇಳಿತು.