ಗೂಟದಲ್ಲಿ ಸೋರದ ಜಾಕೆಟ್

“ಬುದ್ಧಿ, ಒಬ್ಬನೇ ಧ್ಯಾನಕ್ಕೆ ಕೂತಾಗ ನನ್ನಲ್ಲಿ ಕೋಪದ ಸುಳಿವೇ ಇರುವುದಿಲ್ಲ. ನಾಲ್ಕು ಜನರ ನಡುವೆ ಬಂದೊಡನೆ ಅದು ಎಲ್ಲಿಂದ ಬರುತ್ತದೆ?”

ಗುರುಮಲ್ಲ ಹೀಗೆ ಕೇಳಿದಾಗ ಅವನ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಹಿಂದಿನ ದಿನ ಮಠದ ಪಂಕ್ತಿಯಲ್ಲಿ ಬಡಿಸುವಾಗ, ಮೂರನೆಯ ಸಲ ಸಾರು ಕೇಳಿದ ಮುದುಕನೊಬ್ಬನ ಮೇಲೆ ಅವನು ಸೌಟು ಎತ್ತಿದ್ದ. ಮುದುಕ ಅರ್ಧ ಊಟಕ್ಕೇ ಎದ್ದು ಹೋಗಿದ್ದ. ಹನ್ನೊಂದು ವರ್ಷದ ಸಾಧನೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ಗುರುಮಲ್ಲನಿಗೆ ಅಳುವೇ ಬಂದಿತ್ತು. ಇನ್ನು ಮಠ ಸಾಕು, ಬೆಟ್ಟದ ಗವಿಯೇ ಗತಿ ಎಂದು ಹೊರಟು ನಿಂತಿದ್ದ.

“ಗಂಟು ಇಳಿಸಪ್ಪ, ಗವಿಯೇನೂ ಓಡಿಹೋಗುವುದಿಲ್ಲ,” ಎಂದು ಗುರುಗಳು ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಬ್ಬ ಮುಳುಗುಗಾರನಿದ್ದ. ನೀರಿನ ತಳದ ಬಂಡೆಗೆ ಸಿಕ್ಕಿಕೊಂಡ ಬಲೆಗಳನ್ನು ಬಿಡಿಸುವುದು ಅವನ ಕಸುಬು. ಮೈಮೇಲೆ ಗಾಳಿ ತುಂಬುವ ಜಾಕೆಟ್ ತೊಡುತ್ತಿದ್ದ. ಗಾಳಿ ತುಂಬಿದರೆ ಮೇಲೇರಬೇಕು, ಬಿಟ್ಟರೆ ಇಳಿಯಬೇಕು. ಒಂದು ದಿನ ಎಷ್ಟು ತುಂಬಿದರೂ ಗಾಳಿ ಸೋರಿಹೋಯಿತು. ಅಬ್ಬಬ್ಬಾ! ಮುಳುಗಲು ಭಾರಕ್ಕೆಂದು ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿ ಕಳಚಿ ಎಸೆದು ಹೇಗೋ ಜೀವ ಉಳಿಸಿಕೊಂಡ.

ಮನೆಗೆ ಬಂದು ಜಾಕೆಟ್ಟಿಗೆ ಬಾಯಿಂದ ಒಂದಿಷ್ಟು ಊದಿ ಗೂಟಕ್ಕೆ ನೇತುಹಾಕಿದ. ಇಡೀ ದಿನ ಅದು ಇಳಿಯಲಿಲ್ಲ. ಸರಿಯಾಗಿದೆ ಎಂದು ಮತ್ತೆ ಮುಳುಗಿದರೆ ಮತ್ತೆ ಸೋರಿತು. ರೋಸಿಹೋಗಿ ಅದನ್ನು ರಿಪೇರಿ ಅಂಗಡಿಯ ಹೆಂಗಸಿನ ಮುಂದೆ ಬಿಸಾಡಿದ.

“ಇದರ ಸಹವಾಸ ಸಾಕು. ಹೊಸದು ಕೊಡಮ್ಮ.”

“ಹೊಸದಕ್ಕೆ ಬೇರೆ ಸಮುದ್ರ ತರಿಸುತ್ತೀಯೇನಪ್ಪ?” ಎಂದು ಆಕೆ ನಕ್ಕಳು. ಜಾಕೆಟ್ಟಿಗೆ ಬಿಗಿಯಾಗುವಷ್ಟು ಗಾಳಿ ತುಂಬಿ, ತೊಟ್ಟಿಯ ನೀರಿನಲ್ಲಿ ಅದುಮಿ ಹಿಡಿದಳು. ಭುಜದ ವಾಲ್ವಿನಿಂದ ಗುಳುಗುಳು ಗುಳ್ಳೆ ಎದ್ದವು. ಬಿಚ್ಚಿ ನೋಡಿದರೆ, ಒತ್ತಡ ಬಿದ್ದಾಗ ವಾಲ್ವಿನ ಬಾಯಿ ಬಿಗಿಯಾಗಿ ಮುಚ್ಚದಂತೆ ಒಂದು ಉಪ್ಪಿನ ಹರಳು ಒಳಗೆ ಕೂತಿತ್ತು.

“ದಿನಾ ಸಿಹಿನೀರಲ್ಲಿ ತೊಳೆಯುತ್ತೇನಲ್ಲ!” ಎಂದ ಅವನು.

“ಮೇಲೆ ತೊಳೆದಿದ್ದೀಯ. ಒಳಗೆ ನೀರು ಬಿಟ್ಟು ಕುಲುಕಿದ್ದೀಯಾ?”

ಅವನು ತಲೆ ಕೆರೆದುಕೊಂಡ. ಆಕೆ ಒಳಗನ್ನೂ ತೊಳೆದು, ಸವೆದ ವಾಷರ್ ಬದಲಿಸಿ ಮತ್ತೆ ಅದುಮಿದಳು. ಗುಳ್ಳೆ ಏಳಲಿಲ್ಲ. ಮರುದಿನ ಅವನು ಅದೇ ಜಾಕೆಟ್ ತೊಟ್ಟು ಮುಳುಗಿ, ಬಲೆ ಬಿಡಿಸಿಕೊಂಡು ನಗುನಗುತ್ತಾ ಮೇಲೆ ಬಂದ.

ಕತೆ ಕೇಳಿ ಗುರುಮಲ್ಲನಿಗೆ ಹೋದ ಜೀವ ಬಂದಂತಾಯಿತು. “ಹಾಗಾದರೆ ನನ್ನದೂ ಸರಿಹೋಗುತ್ತದೆ ಬುದ್ಧಿ! ಗವಿಯಲ್ಲಿ ಕೂತು ಒಳಗೆ ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತೇನೆ,” ಎನ್ನುತ್ತಾ ಗಂಟನ್ನು ಎತ್ತಿಕೊಂಡ.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಗುರುಗಳು ಗಂಟನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು.

“ಆ ಮುದುಕ ಇವತ್ತೂ ಪಂಕ್ತಿಗೆ ಬಂದಿದ್ದಾನೆ, ಸಾರಿನ ಬಕೀಟು ನೀನೇ ಹಿಡಿ.”