ಮೊಲದ ದನಿ ಕಾಲಿಗೆ ಇಳಿದದ್ದು

ಲೋಕ ಇನ್ನೂ ಹೊಸದಾಗಿದ್ದ ಕಾಲ ಅದು. ಬೆಟ್ಟಗಳ ಮಣ್ಣು ಒಣಗಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ಹೊಳೆಗಳಿಗೇ ಗೊತ್ತಿರಲಿಲ್ಲ. ಗಾಳಿಗೂ ನೆಲಕ್ಕೂ ಮಾತು ಬರುತ್ತಿತ್ತು. ಆಗ ಮೊಲಕ್ಕೆ ದನಿ ಇತ್ತು.

ಚಾರ್ವಿ, ಮಂಚದ ಕೆಳಗಿಂದ ಕೈ ತೆಗೆ. ನಿನ್ನ ಮೊಲ ಅಲ್ಲೇ ಇದೆ, ಎಲ್ಲೂ ಓಡಿಹೋಗಿಲ್ಲ. ನಿನ್ನೆ ಬಂದಾಗಿನಿಂದ ಏನನ್ನೂ ಮುಟ್ಟಿಲ್ಲ ಅಂತ ನನಗೂ ಭಯವೇ. ಹಾಗಂತ ಎಳೆದು ತೆಗೆದರೆ ತಿನ್ನುತ್ತದೆಯೇ? ಅದರ ಮುಂದೆ ಬಿಸ್ಕತ್ತು ಬೇರೆ ಇಟ್ಟಿದ್ದೀಯ, ಮೊಲವೇನು ಕಾಫಿ ಕುಡಿಯಲು ಬಂದ ನೆಂಟನೇ? ಬಾ, ಅಜ್ಜಿಯ ಪಕ್ಕ ನೆಲದ ಮೇಲೆ ಕೂರು. ಲೋಕದಲ್ಲಿ ಮೊಟ್ಟಮೊದಲು ಮೊಲ ಸಾಕಿದವಳಿಗೂ ಹೀಗೇ ಆಗಿತ್ತು.

ಮೊಲಕ್ಕೆ ದನಿ ಇತ್ತು ಅಂದೆನಲ್ಲ, ಅದು ಅಂತಿಂಥ ದನಿಯಲ್ಲ. ಹುಲ್ಲಿನಲ್ಲಿ ಕೂತು ಕೂಗಿದರೆ ಆಚೆ ಬೆಟ್ಟಕ್ಕೆ ಕೇಳುತ್ತಿತ್ತು. ಖುಷಿಯಾದರೂ ಕೂಗು, ಹಸಿವಾದರೂ ಕೂಗು. ಬಾಯಿ ಮುಚ್ಚಿ ಕೂರುವುದೆಂದರೇನು ಅಂತ ಅದಕ್ಕೆ ತಿಳಿದೇ ಇರಲಿಲ್ಲ, ಥೇಟ್ ನಿನ್ನ ಹಾಗೆ.

ಆ ಕೂಗು ಹದ್ದಿಗೂ ಕೇಳುತ್ತಿತ್ತು.

ಒಂದು ಬೆಳಗ್ಗೆ ತಾಯಿಮೊಲ ತನ್ನ ಮರಿಯನ್ನು ಕರೆಯಿತು. ಮರಿ ಓಗೊಟ್ಟಿತು. ಅಷ್ಟರಲ್ಲಿ ಹುಲ್ಲಿನ ಮೇಲೆ ಒಂದು ನೆರಳು ಸರಿಯಿತು. ಬಿಸಿಲು ಹೋಯಿತು, ಬಿಸಿಲು ಬಂತು. ತಾಯಿ ಇದ್ದ ಜಾಗದಲ್ಲಿ ತಾಯಿ ಇರಲಿಲ್ಲ. ಮೇಲೆ, ತುಂಬ ಮೇಲೆ, ಅದರ ಕೂಗು ಸಣ್ಣದಾಗುತ್ತಾ ಹೋಗಿ ನಿಂತೇಬಿಟ್ಟಿತು.

ಮರಿ ಕಿರುಚಿಕೊಂಡಿತು. ಹತ್ತಿರದಲ್ಲೇ ಕೆಂಚವ್ವ ಅನ್ನುವವಳ ಮನೆ ಇತ್ತು. ಅವಳು ಓಡಿ ಬಂದಳು.

"ಅಯ್ಯೋ ನನ್ ಕಂದ, ನಿಂಗ್ಯಾರೂ ಇಲ್ವಾ? ನಾನಿದೀನಿ ಬಾ" ಎಂದು ಮರಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡು ಮನೆಗೆ ತಂದಳು.

ಕೆಂಚವ್ವ ಒಳ್ಳೆಯವಳೇ. ಆದರೆ ಅದುವರೆಗೆ ಲೋಕದಲ್ಲಿ ಯಾರೂ ಪ್ರಾಣಿ ಸಾಕಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಕೂಸು ಸಾಕುವುದೊಂದೇ. ಮನೆಗೆ ಕೂಸು ಬಂದರೆ ಏನೇನು ಮಾಡಬೇಕೋ ಅದನ್ನೆಲ್ಲ ಮೊಲದ ಮರಿಗೂ ಮಾಡಿದಳು.

ಮೊದಲು ಕಾಲು ಚಾಚಿ ಕೂತು, ಮರಿಯನ್ನು ಕಾಲ ಮೇಲೆ ಮಲಗಿಸಿಕೊಂಡು, ನೆತ್ತಿಗೆ ಹರಳೆಣ್ಣೆ ಒತ್ತಿ ಬಿಸಿನೀರು ಹುಯ್ದಳು. ಆಕಾಶದಿಂದ ಬೆಂಕಿ ಸುರಿಯುತ್ತಿದೆ ಅಂದುಕೊಂಡಿತು ಮರಿ. ಕಿರುಚಿತು. ಬೆಟ್ಟದ ಮೇಲೆ ಹದ್ದು ಕತ್ತು ತಿರುಗಿಸಿತು.

ಆಮೇಲೆ ಸಾಂಬ್ರಾಣಿ ಹೊಗೆ ಹಾಕಿದಳು. ಕಾಡಿಗೇ ಬೆಂಕಿ ಬಿದ್ದಿದೆ ಅಂದುಕೊಂಡಿತು ಮರಿ. ಕಿರುಚಿತು. ಹದ್ದು ರೆಕ್ಕೆ ಬಿಚ್ಚಿತು.

ಕೊನೆಗೆ ಕೆಂಚವ್ವ ತೊಲೆಗೆ ತೊಟ್ಟಿಲು ಕಟ್ಟಿದಳು. ಮರಿಯನ್ನು ಮೆತ್ತಗೆ ಮಲಗಿಸಿ ಜೋ ಜೋ ಎಂದು ತೂಗಿದಳು. ಅಯ್ಯೋ, ಅದೊಂದನ್ನು ಮಾಡಬಾರದಿತ್ತು! ಮರಿಯ ಕಾಲ ಕೆಳಗೆ ನೆಲವಿಲ್ಲ. ಮನೆಯೆಲ್ಲ ಅತ್ತ ಹೋಗುತ್ತದೆ, ಇತ್ತ ಬರುತ್ತದೆ. ತನ್ನ ತಾಯಿಯನ್ನು ಒಯ್ದದ್ದೂ ಹೀಗೇ ಅಂತ ಅದಕ್ಕೆ ನೆನಪಾಯಿತು. ಇದ್ದ ದನಿಯನ್ನೆಲ್ಲ ಸೇರಿಸಿ ಕಿರುಚಿತು.

ಮಾಡಿನ ಮೇಲೆ ಏನೋ ಬಂದು ಕೂತಿತು.

ಹುಲ್ಲಿನ ಮಾಡು ಕರಕರ ಎಂದಿತು. ಹುಲ್ಲಿನ ಸಂದಿಯಿಂದ ಒಂದು ಪಿಸುಮಾತು ಇಳಿದು ಬಂತು. "ಕೂಗು ಮರಿ, ಕೂಗು. ಇನ್ನೊಂದೇ ಒಂದು ಸಲ ಕೂಗು. ಎಲ್ಲಿದೀಯ ಅಂತ ಸರಿಯಾಗಿ ಗೊತ್ತಾಗಲಿ."

ಮರಿ ಗಟಕ್ಕನೆ ತನ್ನ ದನಿಯನ್ನು ನುಂಗಿಬಿಟ್ಟಿತು. ತೊಟ್ಟಿಲಿಂದ ಹಾರಿ, ಮೂಲೆಯಲ್ಲಿದ್ದ ನೀರಿನ ದೊಡ್ಡ ಗುಡಾಣದ ಹಿಂದೆ ನುಗ್ಗಿ ಕೂತಿತು.

ನುಂಗಿದ ದನಿ ಎಲ್ಲಿಗೆ ಹೋಗುತ್ತದೆ? ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂತಿತು. ಮೇಲಿಂದ ಏನೂ ಒಳಗಿಳಿಯದು. ಕೆಂಚವ್ವ ಹಾಲನ್ನ ಇಟ್ಟಳು, ಮರಿ ಮೂಸಲಿಲ್ಲ. ಬೆಲ್ಲ ಇಟ್ಟಳು, ಮೂಸಲಿಲ್ಲ. ಗುಡಾಣದ ಹಿಂದಕ್ಕೆ ಕೈ ಚಾಚಿದಳು. ಮರಿ ಗೋಡೆಯೊಳಗೇ ಹೋಗಿಬಿಡುತ್ತೇನೆ ಅನ್ನುವಂತೆ ಒತ್ತಿಕೊಂಡಿತು. ಅದರ ಎದೆ ಡವಡವ ಹೊಡೆದುಕೊಳ್ಳುವುದು ಅವಳ ಬೆರಳಿಗೆ ತಾಗಿತು.

ಕಿಟಕಿಯಿಂದ ಗಾಳಿ ಬಂದು ಹೇಳಿತು. "ಕೆಂಚವ್ವ, ಅದರ ಹೊಟ್ಟೆ ನಿಂತುಹೋಗಿದೆ. ಮೊಲದ ಹೊಟ್ಟೆ ನಿಲ್ಲಬಾರದು. ಹೊಟ್ಟೆ ನಿಂತರೆ ಜೀವ ನಿಲ್ಲೋಕೆ ತಡ ಇಲ್ಲ."

ಕೆಂಚವ್ವ ಹಣೆ ಚಚ್ಚಿಕೊಂಡಳು. "ಇಷ್ಟ್ ಮುದ್ದು ಮಾಡಿದ್ನಲ್ಲ! ನಾನೇನ್ ತಪ್ಪು ಮಾಡ್ದೆ?"

ಅವಳ ಕಾಲ ಕೆಳಗಿನಿಂದ ನೆಲ ಮಾತಾಡಿತು. "ನೀನು ಎತ್ತಿದೆ ಕಣೇ. ಮೊಲ ಎತ್ತೋರು ಅಂದ್ರೆ ಅದಕ್ಕೆ ಗೊತ್ತಿರೋದು ಹದ್ದು ಒಂದೇ."

ಕೆಂಚವ್ವನಿಗೆ ಅಳು ಬಂತು. "ಇನ್ನೇನ್ ಮಾಡ್ಲಿ, ಹೇಳು ತಾಯಿ."

"ಹಸಿ ಹುಲ್ಲು ಹಾಕು, ನೀರಿಡು. ಆಮೇಲೆ ನನ್ನ ಮೇಲೆ ಕೂರು, ಅದಕ್ಕೆ ಬೆನ್ನು ಮಾಡಿ ಕೂರು. ಅದಾಗೇ ಬರೋವರೆಗೂ ಕೈ ಚಾಚಬೇಡ, ತಿರುಗಿ ನೋಡಬೇಡ."

ಕೆಂಚವ್ವ ಓಡಿಹೋಗಿ ಗರಿಕೆ ಕಿತ್ತು ತಂದಳು. ಹುಲ್ಲು ಹರಡಿ, ನೀರಿಟ್ಟು, ಗೋಡೆಗೆ ಮುಖ ಮಾಡಿ ಕೂತಳು. ಗಡಿಬಿಡಿಯಲ್ಲಿ ಬಾಗಿಲು ಹಾಕುವುದನ್ನು ಮರೆತಳು.

ಕೂತಳು, ಕೂತೇ ಇದ್ದಳು. ಹಿಂದೆ ಸದ್ದಿಲ್ಲ. ಮರಿ ಬದುಕಿದೆಯೋ, ಗುಡಾಣದ ಹಿಂದೆ ತಣ್ಣಗಾಗಿದೆಯೋ? ಒಂದು ಸಲ ತಿರುಗಿ ನೋಡಿಬಿಡಲೇ ಅನ್ನಿಸಿತು. ಸೆರಗು ಕಚ್ಚಿ ಹಿಡಿದು ಕೂತಳು. ಚಾರ್ವಿ, ಓಡುವುದು, ಹುಡುಕುವುದು, ಅಳುವುದು ಎಲ್ಲ ಸುಲಭ. ಭಯದಲ್ಲಿ ಸುಮ್ಮನೆ ಕೂರುವುದಿದೆಯಲ್ಲ, ಅದು ತುಂಬ ಕಷ್ಟ.

ಕೊನೆಗೂ ಅವಳ ಹಿಮ್ಮಡಿಗೆ ಏನೋ ಮೆತ್ತಗೆ, ತಣ್ಣಗೆ ತಾಗಿತು. ಮರಿಯ ಮೂಗು! ಅವಳು ಉಸಿರು ಬಿಗಿಹಿಡಿದಳು.

ಆಗಲೇ ಹೊಸ್ತಿಲ ಮೇಲೆ ನೆರಳು ಬಿತ್ತು.

ಹದ್ದು ಹಾರಿ ಬರಲಿಲ್ಲ, ನಡೆದು ಬಂತು. ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಇನ್ನೊಂದು ಹೆಜ್ಜೆ ಇಟ್ಟು ನಿಲ್ಲುವುದು. ಕೆಂಚವ್ವನ ಮುಖ ಗೋಡೆಗೆ, ಅವಳಿಗೆ ಕಾಣದು. ಮರಿಗೆ ಕಂಡಿತು. ಬಾಯಿ ತೆರೆಯಿತು, ದನಿ ಇಲ್ಲ. ಗುಡಾಣದ ಹಿಂದಕ್ಕೆ ಓಡೋಣವೆಂದರೆ ಹದ್ದು ಆಗಲೇ ದಾರಿಯಲ್ಲಿ ನಿಂತಿದೆ. ಮರಿ ಅಲ್ಲೇ ಗಡಗಡ ನಡುಗಿತು. ನಡುಗಿದ ಹಾಗೆಲ್ಲ ಹೊಟ್ಟೆಯಲ್ಲಿದ್ದ ದನಿ ಕೆಳಗೆ ಜಾರಿತು, ತೊಡೆಗೆ ಇಳಿಯಿತು, ಹಿಂಗಾಲಿಗೆ ಇಳಿಯಿತು. ಮರಿ ಹಿಂಗಾಲೆತ್ತಿ ನೆಲಕ್ಕೆ ಬಡಿಯಿತು.

ದಬ್!

ನೆಲ ಆ ಸದ್ದನ್ನು ಬೀಳಗೊಡದೆ ಹಿಡಿದು ಕೆಂಚವ್ವನ ಮೈಗೆ ಮುಟ್ಟಿಸಿತು. ಅವಳು ತಟ್ಟನೆ ತಿರುಗಿದಳು. ಹದ್ದನ್ನು ಕಂಡಳು. "ನಿನ್ ಮನೆ ಹಾಳಾಗ!" ಎಂದು ಮೊರ ಎತ್ತಿ ಬೀಸಿದಳು. ಹದ್ದು ಪಟಪಟನೆ ಹೊರಗೆ ಹಾರಿತು, ಅವಳು ದಢಾರನೆ ಬಾಗಿಲು ಹಾಕಿದಳು. ಬಾಲದ ನಡುವಿನ ಗರಿಗಳು ಬಾಗಿಲ ಸಂದಿಗೆ ಸಿಕ್ಕಿ ಕಿತ್ತುಬಂದವು. ಹದ್ದಿನ ಬಾಲ ಇಂದಿಗೂ ನಡುವೆ ಕತ್ತರಿಸಿದಂತಿರುವುದು ಅದಕ್ಕೇ.

ಕೆಂಚವ್ವ ಬಾಗಿಲಿಗೆ ಒರಗಿ ಕೂತಳು. ಆಗ ಕರುಕು ಕರುಕು ಎಂದು ಸದ್ದು ಕೇಳಿಸಿತು. ದನಿ ಕಾಲಿಗೆ ಇಳಿದ ಮೇಲೆ ಮರಿಯ ಹೊಟ್ಟೆ ಹಗುರಾಗಿತ್ತು. ಅದು ಗರಿಕೆ ತಿನ್ನುತ್ತಿತ್ತು.

ಅವಳು ಅದನ್ನು ಮತ್ತೆಂದೂ ಎತ್ತಲಿಲ್ಲ. ತೊಟ್ಟಿಲನ್ನು ಬಿಚ್ಚಿ, ಒಳಗೆ ಹುಲ್ಲು ತುಂಬಿ, ನೆಲದ ಮೇಲಿಟ್ಟಳು.

ಕೊರಳಿಗೆ ಮಾತ್ರ ದನಿ ವಾಪಸು ಬರಲಿಲ್ಲ, ಆ ಮರಿಗೂ ಇಲ್ಲ, ಅದರ ಮರಿಮಕ್ಕಳಿಗೂ ಇಲ್ಲ. ಪ್ರಾಣ ಹೋಗುವಂಥ ಹೊತ್ತಿನಲ್ಲಿ ಒಂದೇ ಒಂದು ಸಲ ಆ ಹಳೇ ಕೂಗು ಬರುತ್ತದಂತೆ. ಅದನ್ನು ನೀನು ಎಂದೂ ಕೇಳುವುದು ಬೇಡ, ಕಂದ.

ಎಲ್ಲಿ, ಮಂಚಕ್ಕೆ ಬೆನ್ನು ಮಾಡಿ ಕೂರು. ಬಿಸ್ಕತ್ತು ತೆಗೆದು ಹುಲ್ಲು ಇಟ್ಟಿದ್ದೇನೆ, ಅದು ಅಲ್ಲೇ ಇರಲಿ. ನನಗೂ ಭಯವೇ, ನನ್ನ ಕೈ ಹಿಡಿದುಕೋ. ಅದು ಬಂದು ನಿನ್ನನ್ನು ಮೂಸುವವರೆಗೆ ಇಬ್ಬರೂ ಕಾಯೋಣ. ಇವತ್ತಿಗೂ ಮೊಲಕ್ಕೆ ಇರುವ ದನಿ ಕಾಲಿನದೊಂದೇ; ಮನೆಯೆಲ್ಲ ಸುಮ್ಮನಿರುವಾಗ ಅದು ದಬ್ ಎಂದು ನೆಲಕ್ಕೆ ಬಡಿದರೆ, ಮೊಲದ ಕಡೆ ನೋಡಬೇಡ ಚಾರ್ವಿ, ಬಾಗಿಲ ಕಡೆ ನೋಡು.