ಚೌರಪ್ಪನ ಪಾಲಿನ ಹಿಡಿ ಮಣ್ಣು

ರೋಮ್ ನಗರದಿಂದ ಒಂದು ದಿನದ ದಾರಿ ದೂರದ ಗುಡ್ಡದ ಮೇಲೆ, ಪಾದ್ರಿಗಳಾಗುವವರು ಓದುವ ಗುರುಮಠದಲ್ಲಿ ಬ್ರದರ್ ಆನ್ಸೆಲ್ಮೊ ಎಂಬ ಪುಣ್ಯಾತ್ಮರಿದ್ದರು. ಗುರುದೀಕ್ಷೆಯನ್ನು ಅವರು ಎಂದೂ ಬಯಸಲಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲೇ ಮೂವತ್ತೆಂಟು ವರ್ಷ ನಿಂತು, ಇಡೀ ಗುರುಮಠದ ನಿಲುವಂಗಿಗಳನ್ನು ಒಗೆದು, ಹೊಲಿದು, ಇಸ್ತ್ರಿ ಮಾಡಿದರು. ದೊಡ್ಡ ದೊಡ್ಡ ದೈವಶಾಸ್ತ್ರ ಪಂಡಿತರು ಮನಸ್ಸು ಕೆಟ್ಟಾಗ ಗುಂಡಿ ಕಿತ್ತುಹೋಗಿದೆ ಎಂಬ ನೆಪ ಹೂಡಿ ಅವರ ಬಳಿಗೆ ಬರುತ್ತಿದ್ದರು. ಅಷ್ಟೊಂದು ಗುಂಡಿಗಳು ತಾವಾಗಿಯೇ ಕಿತ್ತುಹೋಗುವುದಿಲ್ಲವೆಂದು ಬ್ರದರ್ ಅವರಿಗೂ ಗೊತ್ತಿತ್ತು, ಆದರೆ ಕೇಳುತ್ತಿರಲಿಲ್ಲ.

ಹಡಗಿನ ಅಂಚೆಯ ಕಾಲ ಅದು. ಕೊಳ್ಳೇಗಾಲದ ಕಡೆಯಿಂದ ಹೋದ ಚೌರಪ್ಪ ಅಲ್ಲಿ ಏಳು ವರ್ಷ ಓದಿದ್ದ. ದೀಕ್ಷೆಗೆ ಮೂರೇ ವಾರವಿದ್ದಾಗ ಊರಿನಿಂದ ಕಾಗದ ಬಂತು. ತಾಯಿ ಲೂರ್ದಮ್ಮ ತೀರಿಕೊಂಡು ಆಗಲೇ ತಿಂಗಳು ದಾಟಿತ್ತು. ಆಕೆ ತೀರಿಕೊಂಡ ದಿನ ತಾನು ಏನು ಮಾಡುತ್ತಿದ್ದೆನೆಂದು ನೆನೆದು ನೋಡಿದ. ಲ್ಯಾಟಿನ್ ಪರೀಕ್ಷೆಯಲ್ಲಿ ಶಹಬ್ಬಾಸ್ ಅನ್ನಿಸಿಕೊಂಡು, ಗೆಳೆಯರೊಡನೆ ನಗುತ್ತಾ ಉಂಡ ದಿನ. ಹೆತ್ತವಳಿಗೆ ಒಂದು ಹಿಡಿ ಮಣ್ಣು ಹಾಕಲಾಗದವನು ಊರಿಗೆಲ್ಲ ಎಂಥ ಗುರುವಾದಾನು ಎಂಬ ಪ್ರಶ್ನೆ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಪ್ರಾರ್ಥನೆ ನಾಲಿಗೆಗೆ ಬರಲಿಲ್ಲ. ದೀಕ್ಷೆ ಬೇಡ, ಊರಿಗೆ ಕಳಿಸಿಕೊಡಿ ಎಂದು ಗುರುಮಠದ ಮುಖ್ಯಸ್ಥರಿಗೆ ಪತ್ರ ಬರೆದು ಜೇಬಿನಲ್ಲಿಟ್ಟುಕೊಂಡ.

ಅದನ್ನು ಕೊಡುವ ಮುನ್ನ ಬ್ರದರ್ ಅವರ ಬಳಿಗೆ ಒಂದು ಮಾತು ಹೇಳಲು ಹೋದ. ದೀಕ್ಷೆಯ ದಿನ ಧರ್ಮಾಧ್ಯಕ್ಷರು ಹೊಸ ಗುರುವಿನ ಅಂಗೈಗಳಿಗೆ ಪವಿತ್ರ ತೈಲ ಹಚ್ಚಿ, ಬಿಳಿಯ ನಾರುಬಟ್ಟೆಯಿಂದ ಕಟ್ಟುತ್ತಾರೆ. ಆ ಬಟ್ಟೆಯನ್ನು ಮಗ ತಾಯಿಗೆ ಕೊಡುತ್ತಾನೆ. ಮುಂದೆ ಆಕೆ ತೀರಿಕೊಂಡಾಗ ಅದನ್ನು ಆಕೆಯ ಕೈಗಳಿಗೆ ಸುತ್ತಿ ಮಣ್ಣು ಮಾಡುತ್ತಾರೆ. ಪ್ರತಿಯೊಬ್ಬರ ಬಟ್ಟೆಗೂ ಅಂಚು ಹೊಲಿಯುತ್ತಿದ್ದವರು ಬ್ರದರ್ ಆನ್ಸೆಲ್ಮೊ.

"ನನ್ನ ಬಟ್ಟೆ ಹೊಲಿಯಬೇಡಿ ಬ್ರದರ್. ಇಸಿದುಕೊಳ್ಳುವವರು ಈಗ ಇಲ್ಲ," ಎಂದ ಚೌರಪ್ಪ.

ಬ್ರದರ್ ಮೂರು ಅಂಚು ಮುಗಿದಿದ್ದ ಬಟ್ಟೆಯನ್ನೂ ಸೂಜಿಯನ್ನೂ ಅವನ ಕೈಗಿಟ್ಟು, ಪಕ್ಕದ ಸ್ಟೂಲು ತೋರಿಸಿದರು. ಹಿರಿಯರಿಗೆ ಇಲ್ಲವೆನ್ನಲಾಗದೆ ಅವನು ಕೂತು ಹೊಲಿದ. ಹೊಲಿಯುತ್ತಲೇ, ಜೇಬಿನ ಪತ್ರವೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿಕೊಂಡ, ಅತ್ತ. ಕಣ್ಣು ಮಂಜಾಗಿ ಹೊಲಿಗೆ ಸೊಟ್ಟಸೊಟ್ಟಗೆ ಓಡಿತು. ಬಿಚ್ಚಲು ಹೋದಾಗ ಬ್ರದರ್ ಆ ಅಂಚಿನ ಮೇಲೆ ಕೈಯಿಟ್ಟು ತಡೆದರು. ನಿನ್ನ ತಾಯಿಗೆ ಯಾರ್ಯಾರು ಮಣ್ಣು ಹಾಕಿದರು ಎಂದು ಕೇಳಿದರು. ಊರಿಗೆ ಊರೇ ಬಂದಿತ್ತಂತೆ, ಹೊಲದಲ್ಲಿ ಕಳೆ ಕೀಳುತ್ತಿದ್ದವರೂ ಹಾಗೇ ಎದ್ದು ಬಂದು ಹಾಕಿದರಂತೆ ಎಂದ ಅವನು.

"ಹಾಗಾದರೆ ಆಕೆಗೆ ಕಡಿಮೆಯಾಗಲಿಲ್ಲ," ಎಂದರು ಬ್ರದರ್. "ನಿನ್ನ ಪಾಲಿನ ಹಿಡಿ ಮಣ್ಣು ಇನ್ನೂ ನಿನ್ನ ಕೈಯಲ್ಲೇ ಇದೆ ಮಗು. ಹಾಕುವವರಿಲ್ಲದೆ ಹೋಗುವವರು ಬಹಳ ಜನ ಇದ್ದಾರೆ."

ಇಸ್ತ್ರಿಪೆಟ್ಟಿಗೆಯ ಕೆಂಡ ಆರುತ್ತಾ ಬಂದಿತ್ತು. ಹೊತ್ತಿಸಲು ಒಂದು ಚೂರು ಕಾಗದ ಇದೆಯೇ ಎಂದು ಬ್ರದರ್ ಕೇಳಿದರು. ಜೇಬಿನ ಪತ್ರದ ವಿಷಯ ಅವರಿಗೆ ಹೇಗೆ ತಿಳಿಯಿತೋ, ತಿಳಿದಿತ್ತೋ ಇಲ್ಲವೋ, ದೇವರೇ ಬಲ್ಲ. ಚೌರಪ್ಪ ಅದನ್ನು ತೆಗೆದು ಕೊಟ್ಟ.

ಎರಡು ವರ್ಷದ ಬಳಿಕ, ದೀಕ್ಷೆ ಪಡೆದು ಊರ ಕಡೆಗೆ ಮರಳಿದ ಫಾದರ್ ಚೌರಪ್ಪನವರು ತಮ್ಮ ಧರ್ಮಕೇಂದ್ರದಲ್ಲಿ ಮೊದಲ ಶವಸಂಸ್ಕಾರ ನಡೆಸಿದರು. ತೀರಿಕೊಂಡವಳು ಹುಣಿಸೆಹಣ್ಣು ಕುಟ್ಟಿ ಹೊಟ್ಟೆ ಹೊರೆಯುತ್ತಿದ್ದ ಸಂದ್ಯಾಗಮ್ಮ, ಹಿಂದುಮುಂದು ಯಾರೂ ಇಲ್ಲದ ಮುದುಕಿ. ಹೊತ್ತು ತಂದ ನಾಲ್ವರಿಗೆ ಕೆಲಸಕ್ಕೆ ಹೊರಡುವ ಅವಸರ. ಫಾದರ್ ತಮ್ಮ ಚೀಲದಿಂದ ಒಂದು ಅಂಚು ಸೊಟ್ಟಗಿದ್ದ ಬಿಳಿ ಬಟ್ಟೆಯನ್ನು ತೆಗೆದು, ಆಕೆಯ ಬಡಕಲು ಕೈಗಳಿಗೆ ಮೆಲ್ಲಗೆ ಸುತ್ತಿದರು. ಪೆಟ್ಟಿಗೆ ಇಳಿಸಿದ ಮೇಲೆ ಮೊಣಕಾಲೂರಿ, ಒಂದು ಹಿಡಿ ಮಣ್ಣು ತೆಗೆದು ಹಾಕಿದರು. ಹಾಕಿದ ಮೇಲೂ ಏಳಲಾಗದೆ ಮಗುವಿನಂತೆ ಅತ್ತರು.

ಹೊತ್ತವರಲ್ಲೊಬ್ಬ ಹೆದರುತ್ತಾ ಹತ್ತಿರ ಬಂದ. "ಸಾಮಿ, ಈಯಮ್ಮ ನಿಮಗೇನಾಗಬೇಕು?"

"ನಮ್ಮವ್ವ ಕಣಪ್ಪ," ಎಂದರು ಫಾದರ್.